ಹುಲಿಯಾ ಕೇಳಿದ್ದು ಹೆಸರೊಂದನ್ನೇ

ಆಂಟೋನಿಯಾ ಎಂದು ಬೆರಳಚ್ಚು ಮಾಡಬೇಕಾಗಿದ್ದಲ್ಲಿ ಯಾರೋ ಆಂಟೋನಿಯೋ ಎಂದು ಹೊಡೆದರು. ಕನ್ನಡದಲ್ಲಿ ಬರೆದರೆ ಕೊನೆಯ ಅಕ್ಷರದ ಗುಣಿತವಷ್ಟೇ ಬೇರೆ. ಸ್ಪ್ಯಾನಿಷ್ ಭಾಷೆಯಲ್ಲಿ ಆ ಒಂದು ಸ್ವರಕ್ಕೆ ಹೆಣ್ಣು ಗಂಡಾಗುತ್ತಾಳೆ. 1939ರ ಆಗಸ್ಟ್ ಮೊದಲ ವಾರ ಮ್ಯಾಡ್ರಿಡ್‌ನ ಹೆಂಗಸರ ಜೈಲಿಗೆ ಮರಣದಂಡನೆಯ ಪಟ್ಟಿ ಬಂದಾಗ ಆಂಟೋನಿಯೋ ಎಂಬ ಗಂಡಸು ಅಲ್ಲಿ ಯಾರೂ ಇರಲಿಲ್ಲ. ಹಾಗಾಗಿ ಹದಿನೆಂಟರ ಆಂಟೋನಿಯಾ ತೋರೆ ಯೇಲಾ ಜೈಲಿನಲ್ಲಿಯೇ ಉಳಿದಳು. ಅವಳ ಸಂಗಾತಿಗಳಾದ ಹದಿಮೂರು ಮಂದಿಯನ್ನು ಆಗಸ್ಟ್ 5ರ ನಸುಕಿನಲ್ಲಿ ಸ್ಮಶಾನದ ಗೋಡೆಯ ಬಳಿಗೆ ಒಯ್ದು ಗುಂಡಿಕ್ಕಿ ಕೊಂದರು. ಕಾಗದದ ಮೇಲಿನ ತಪ್ಪು ಬಹಳ ಕಾಲ ತಪ್ಪಾಗಿ ಉಳಿಯಲಿಲ್ಲ. ಕಚೇರಿ ಅದನ್ನು ತಿದ್ದಿಕೊಂಡಿತು. 1940ರ ಫೆಬ್ರವರಿ 19ರಂದು ಆಂಟೋನಿಯಾಳನ್ನೂ ಒಯ್ದರು.

ನಡುವಿನ ಆ ಆರೂವರೆ ತಿಂಗಳು ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಒಂದಕ್ಷರದ ದಯೆಯಿಂದ ಸಿಕ್ಕ ಆಯುಷ್ಯ ಅದು. ಖಾಲಿಯಾದ ಜಾಗಗಳ ನಡುವೆ ಅವಳು ಹೇಗೆ ಮಲಗಿದಳು? ಹೋದವರ ಬಟ್ಟೆಬರೆ ಹಂಚುವಾಗ ಕೈ ಚಾಚಿದಳೇ? ಬೆಳಗಿನ ಜಾವ ಕಾರಿಡಾರಿನಲ್ಲಿ ಬೂಟಿನ ಸದ್ದಾದಾಗಲೆಲ್ಲ ಅಕ್ಕಪಕ್ಕದವರು ಅವಳ ಕೈ ಹಿಡಿದುಕೊಳ್ಳುತ್ತಿದ್ದರೇ? ಯುದ್ಧದ ಬಗ್ಗೆ ಓದುವಾಗ ಸೈನ್ಯ, ಗಡಿ, ಒಪ್ಪಂದಗಳು ಮೊದಲು ಎದುರಾಗುತ್ತವೆ. ನನಗೆ ಮಾತ್ರ ಸ್ಪೇನಿನ ಅಂತರ್ಯುದ್ಧ ಎಂದರೆ ಕಣ್ಣೆದುರು ಬರುವುದು ಮೊದಲು ಈ ಕೊಠಡಿ: ನೆಲದ ಮೇಲೆ ಸಾಲಾಗಿ ಮಲಗಿದ ಹುಡುಗಿಯರು, ಅವರಲ್ಲಿ ಒಬ್ಬಳಿಗೆ ನಿದ್ದೆಯಿಲ್ಲ.

ಹಿನ್ನೆಲೆ ತಿಳಿಯದವರಿಗೆ ನಾಲ್ಕು ಮಾತು. 1936ರ ಜುಲೈಯಲ್ಲಿ ಸ್ಪೇನಿನ ಚುನಾಯಿತ ಗಣರಾಜ್ಯದ ವಿರುದ್ಧ ಸೇನಾಧಿಕಾರಿಗಳ ಒಂದು ಗುಂಪು ದಂಗೆಯೆದ್ದಿತು. ಅವರ ಮುಖಂಡನಾಗಿ ಮೇಲೆ ಬಂದವನು ಫ್ರಾಂಕೋ. ಹಿಟ್ಲರ್ ಮತ್ತು ಮುಸೊಲಿನಿ ಅವನ ಬೆನ್ನಿಗಿದ್ದರು. ಆ ವರ್ಷದ ನವೆಂಬರಿನಿಂದ ಮ್ಯಾಡ್ರಿಡ್ ನಗರ ಮುತ್ತಿಗೆಯಲ್ಲಿತ್ತು; 1939ರ ಮಾರ್ಚ್ 28ರವರೆಗೂ ಅದು ಶರಣಾಗಲಿಲ್ಲ. ಏಪ್ರಿಲ್ 1ರಂದು ಫ್ರಾಂಕೋ ಯುದ್ಧ ಮುಗಿಯಿತೆಂದು ಸಾರಿದ. (1938ರಲ್ಲಿ, ಯುದ್ಧದ ನಡುವೆಯೇ, ನಮ್ಮ ನೆಹರೂ ಬಾರ್ಸಿಲೋನಾಕ್ಕೆ ಹೋಗಿ ಗಣರಾಜ್ಯದ ಪರ ನಿಂತು ಬಂದಿದ್ದರು. ಇಲ್ಲಿಯ ಓದುಗರಿಗೆ ಈ ಯುದ್ಧ ತೀರಾ ಪರಕೀಯವೇನಲ್ಲ.)

ಮುತ್ತಿಗೆಯ ಆ ಎರಡೂವರೆ ವರ್ಷಗಳಲ್ಲಿ ಮ್ಯಾಡ್ರಿಡ್‌ನ ಬಡ ಬೀದಿಗಳ ಹುಡುಗಿಯರು ಮೊದಲ ಬಾರಿಗೆ ತಾವಾಗಿಯೇ ಹೊಸ್ತಿಲು ದಾಟಿದರು. ಗಂಡಸರು ರಣರಂಗಕ್ಕೆ ಹೋದಾಗ ಅವರ ಕೆಲಸವನ್ನು ಯಾರಾದರೂ ಮಾಡಲೇಬೇಕಲ್ಲ? ಆ ಹದಿಮೂರು ಮಂದಿಯಲ್ಲಿ ಒಬ್ಬಳಾದ ಹುಲಿಯಾ ಕೊನೇಸಾ ಟ್ರಾಮಿನಲ್ಲಿ ಟಿಕೆಟ್ ಹರಿದಳು. ಇನ್ನೂ ಎಷ್ಟೋ ಜನ ಸೈನಿಕರಿಗೆ ಬಟ್ಟೆ ಹೊಲಿದರು, ಅನಾಥ ಮಕ್ಕಳನ್ನು ನೋಡಿಕೊಂಡರು. ಅವರಲ್ಲಿ ಬಹಳಷ್ಟು ಜನ ಸಮಾಜವಾದಿಗಳೂ ಕಮ್ಯುನಿಸ್ಟರೂ ಸೇರಿ 1936ರಲ್ಲಿ ಕಟ್ಟಿದ ಯುವಸಂಘದ ಸದಸ್ಯೆಯರು. ಹುಲಿಯಾ ಸಂಘಕ್ಕೆ ಬಂದದ್ದು ಆಟೋಟಕ್ಕಾಗಿ, ಕ್ರೀಡಾ ವಿಭಾಗಕ್ಕೆ. ಹೀಗೆ ಒಬ್ಬಳು ಇನ್ನೊಬ್ಬಳನ್ನು ಕರೆದುಕೊಂಡು ಬಂದಳು. ಮೇಲೆ ವಿಮಾನಗಳು ಬಾಂಬು ಸುರಿಯುತ್ತಿರುವಾಗ ನೆಲಮಾಳಿಗೆಯಲ್ಲಿ ಒತ್ತಿಕೊಂಡು ಕುಳಿತವರ ಸ್ನೇಹಕ್ಕೆ ಶಾಲೆಯ ಬೆಂಚಿನ ಸ್ನೇಹಕ್ಕಿಲ್ಲದ ಒಂದು ಅವಸರ ಇರುತ್ತದೆ. ಹತ್ತು ವರ್ಷದ ಮಾತನ್ನು ಹತ್ತು ದಿನಕ್ಕೆ ಆಡಿ ಮುಗಿಸುವ ಅವಸರ.

ನಗರ ಬಿದ್ದ ಮೇಲೆ ಪೊಲೀಸರು ಬಂದದ್ದು ಈ ಸ್ನೇಹದ ಜಾಡು ಹಿಡಿದೇ. ಇದನ್ನು ಬರೆಯುವುದು ಕಷ್ಟ, ಆದರೆ ಬಿಟ್ಟರೆ ಸುಳ್ಳಾಗುತ್ತದೆ. ಒಬ್ಬಳನ್ನು ಹಿಡಿದು ಹೊಡೆದರೆ ಇನ್ನೊಬ್ಬಳ ಹೆಸರು ಹೊರಬೀಳುತ್ತಿತ್ತು. ಆ ಇನ್ನೊಬ್ಬಳನ್ನು ಹೊಡೆದರೆ ಮತ್ತಿಬ್ಬರ ಹೆಸರು. ಗೆಳತಿಯ ಮನೆ ಎಲ್ಲಿ ಎಂದು ಗೆಳತಿಗಲ್ಲದೆ ಬೇರೆ ಯಾರಿಗೆ ಗೊತ್ತಿರುತ್ತದೆ? ಹಾಗೆ ಹಿಡಿದುಕೊಟ್ಟವಳೂ ಹಿಡಿಸಿಕೊಂಡವಳೂ ಕೊನೆಗೆ ಒಂದೇ ಜೈಲಿಗೆ ಬಂದು ಬೀಳಬಹುದಾಗಿತ್ತು. ಅಂಥ ಇಬ್ಬರು ಒಬ್ಬರ ಮುಖವನ್ನೊಬ್ಬರು ಹೇಗೆ ನೋಡಿಯಾರು ಎಂದು ಯೋಚಿಸಿದಾಗ ನನ್ನ ಕೈ ತಣ್ಣಗಾಗುತ್ತದೆ. ಪೊಲೀಸ್ ಠಾಣೆಯಿಂದ ಬಂದ ಹೆಂಗಸಿನ ಬೆನ್ನನ್ನು ಕಂಡವರು ಅವಳನ್ನು ‘ಏನು ಹೇಳಿದೆ’ ಎಂದು ಕೇಳುವ ಮೊದಲು ನೀರು ಕಾಯಿಸಿ ಕೊಟ್ಟಿರುತ್ತಾರೆ ಎಂದು ನಂಬಲು ನನಗೆ ಆಸೆ. ಜೈಲಿನಿಂದ ಬದುಕಿ ಬಂದವರ ಮಾತುಗಳಲ್ಲಿ ದೂರುಗಳಿಗಿಂತ ಆರೈಕೆಯ ನೆನಪುಗಳೇ ಹೆಚ್ಚಾಗಿರುವುದನ್ನು ಕಂಡಾಗ ಆ ಆಸೆ ತೀರಾ ಹುಸಿಯಲ್ಲ ಎನಿಸುತ್ತದೆ.

ಜೈಲಿನ ಹೆಸರು ವೆಂತಾಸ್. ಅದನ್ನು ಕಟ್ಟಿಸಿದ್ದು ಗಣರಾಜ್ಯವೇ. ಬಂದೀಖಾನೆಗಳ ಮುಖ್ಯಸ್ಥೆಯಾಗಿದ್ದ ವಕೀಲೆ ವಿಕ್ತೋರಿಯಾ ಕೆಂಟ್ ಅದನ್ನು ಹೆಂಗಸರಿಗೆ ಮನುಷ್ಯರಂತೆ ಬಾಳಲು ಅನುಕೂಲವಾಗುವ ಮಾದರಿ ಜೈಲಾಗಿ ಕಲ್ಪಿಸಿಕೊಂಡಿದ್ದಳು: ಬೆಳಕು, ಗಾಳಿ, ಮಕ್ಕಳಿರುವ ತಾಯಂದಿರಿಗೆ ಪ್ರತ್ಯೇಕ ಜಾಗ. ಸುಮಾರು 450 ಜನರಿಗಾಗಿ ಕಟ್ಟಿದ ಆ ಕಟ್ಟಡದಲ್ಲಿ 1939ರ ಬೇಸಿಗೆಗೆ ಸಾವಿರಾರು ಹೆಂಗಸರಿದ್ದರು. ಕೋಣೆಗಳು ತುಂಬಿ, ಕಾರಿಡಾರು ತುಂಬಿ, ಮೆಟ್ಟಿಲು ತುಂಬಿ, ಶೌಚದ ಜಾಗಗಳಲ್ಲಿಯೂ ಮಲಗಿದರು. ರಾತ್ರಿ ಒಬ್ಬಳು ಮಗ್ಗುಲು ಬದಲಿಸಿದರೆ ಸಾಲಿಗೆ ಸಾಲೇ ಮಗ್ಗುಲು ಬದಲಿಸಬೇಕು. ನೀರಿಗೆ ಪಾಳಿ. ಹೇನು, ಕಜ್ಜಿ, ಭೇದಿ. ತಾಯಂದಿರ ಜೊತೆ ಬಂದಿದ್ದ ಹಸುಗೂಸುಗಳು ಕಣ್ಣೆದುರೇ ಸತ್ತವು.

ಅಲ್ಲಿ ಹೆಂಗಸರು ಮಾಡಿಕೊಂಡ ಒಂದು ವ್ಯವಸ್ಥೆಗೆ ಅವರು ಕೊಟ್ಟ ಹೆಸರು ‘ಫಮೀಲಿಯಾ’, ಅಂದರೆ ಮನೆಯವರು. ಹೊರಗಿನಿಂದ ಯಾರಿಗಾದರೂ ಒಂದು ಪೊಟ್ಟಣ ಬಂದರೆ, ಅದರಲ್ಲಿ ಒಂದಿಷ್ಟು ಬ್ರೆಡ್ಡೋ ಒಂದು ಈರುಳ್ಳಿಯೋ ಇದ್ದರೆ, ಅದು ಬಂದವಳ ಸ್ವತ್ತಾಗುತ್ತಿರಲಿಲ್ಲ. ಆ ಗುಂಪಿನ ಎಲ್ಲರಿಗೂ ಭಾಗವಾಗುತ್ತಿತ್ತು. ಹೊರಗೆ ಯಾರೂ ಇಲ್ಲದವಳು, ಗಂಡನನ್ನೂ ಅಪ್ಪನನ್ನೂ ಕಳೆದುಕೊಂಡವಳು, ಪೊಟ್ಟಣ ಬರುವ ಸಾಧ್ಯತೆಯೇ ಇಲ್ಲದವಳು ಕೂಡ ಒಂದಲ್ಲ ಒಂದು ‘ಮನೆ’ಗೆ ಸೇರಿರುತ್ತಿದ್ದಳು. ಕೂಡಿ ಉಣ್ಣುವುದಕ್ಕೆ ನಾವು ಸಹಪಂಕ್ತಿ ಎನ್ನುತ್ತೇವೆ. ಆದರೆ ಉಣ್ಣುವುದಕ್ಕೆ ಏನೂ ಇಲ್ಲದ ಕಡೆ ಇದ್ದ ಒಂದು ಈರುಳ್ಳಿಯನ್ನು ಏಳು ಭಾಗ ಮಾಡುವುದಕ್ಕೆ ಯಾವ ಪದವಿದೆಯೋ ಕಾಣೆ. ಬಂದಿಯಾಗಿದ್ದ ಶಿಕ್ಷಕಿ ಮರಿಯಾ ಸಾಂಚೆಸ್ ಅರ್ಬೋಸ್ ಆ ಜೈಲಿನಲ್ಲಿಯೇ ಪಾಠ ನಡೆಸಿದಳು. ಹುಡುಗಿಯರು ತಮ್ಮ ಜೈಲನ್ನು ವೈಭವದ ಹೋಟೆಲೆಂದು ಅಣಕಿಸುವ ಹಾಡು ಕಟ್ಟಿ ಹಾಡಿದರು. ಮರಣದಂಡನೆಗೆ ಒಂದು ಹುಡುಗಿಯ ಹೆಸರನ್ನೇ ಇಟ್ಟುಕೊಂಡಿದ್ದರು: ‘ಪೆಪಾ’. ಅವಳಿಗೆ ಪೆಪಾ ಬಂದಳು ಎಂದರೆ ಸಾವಿನ ಶಿಕ್ಷೆ ಆಯಿತು ಎಂದರ್ಥ. ಸಾವನ್ನು ಕೂಡ ಹೆಸರಿಟ್ಟು ಒಳಗೆ ಕರೆದುಕೊಂಡವರು ಅವರು.

ಆಗಸ್ಟ್ 3ರಂದು ಸೇನಾ ನ್ಯಾಯಾಲಯದಲ್ಲಿ ವಿಚಾರಣೆ ನಡೆಯಿತು. ಜುಲೈ ಕೊನೆಯಲ್ಲಿ ತಲವೇರಾ ರಸ್ತೆಯಲ್ಲಿ ಸಿವಿಲ್ ಗಾರ್ಡ್ ಪಡೆಯ ಒಬ್ಬ ಕಮಾಂಡರ್, ಅವನ ಮಗಳು ಮತ್ತು ಚಾಲಕನ ಕೊಲೆಯಾಗಿತ್ತು. ಸರ್ಕಾರಕ್ಕೆ ಸೇಡು ಬೇಕಿತ್ತು. ಈ ಹುಡುಗಿಯರು ಆ ಕೊಲೆಗೆ ಮೊದಲೇ ಜೈಲಿನಲ್ಲಿದ್ದರು ಎಂಬುದು ಯಾರಿಗೂ ಮುಖ್ಯವಾಗಲಿಲ್ಲ. ಹೊರಿಸಿದ ಆರೋಪ ‘ದಂಗೆಗೆ ಬೆಂಬಲ’. ದಂಗೆಯೆದ್ದು ಗೆದ್ದವರು ದಂಗೆಯೇಳದವರನ್ನು ದಂಗೆಕೋರರೆಂದು ಕರೆದರು. ಒಂದೇ ದಿನದ ವಿಚಾರಣೆ, ಎರಡೇ ದಿನದ ಅಂತರ. ಆಗಸ್ಟ್ 5ರಂದು ಆ ಗೋಡೆಯ ಬಳಿ 56 ಜನ ಸತ್ತರು: 43 ಗಂಡಸರು, 13 ಹೆಂಗಸರು.

ಅದರ ಹಿಂದಿನ ರಾತ್ರಿ ಜೈಲಿನ ಪ್ರಾರ್ಥನಾಲಯದಲ್ಲಿ ಆ ಹೆಂಗಸರು ಕಾಗದ ಬರೆದರು. ಪಾದ್ರಿಯ ಮುಂದೆ ಪಾಪನಿವೇದನೆ ಮಾಡಿದವರಿಗೆ ಮಾತ್ರ ಕಾಗದ, ಪೆನ್ಸಿಲು. ನಂಬಿಕೆಯಿಲ್ಲದವರೂ ಮನೆಗೆ ನಾಲ್ಕು ಸಾಲು ಬರೆಯುವ ಆಸೆಗೆ ಮಂಡಿಯೂರಿದರು. ಹಿರಿಯಳಾದ ಬ್ಲಾಂಕಾ ಬ್ರಿಸಾಕ್‌ಗೆ 29 ವರ್ಷ. ಪಿಯಾನೋ ನುಡಿಸುತ್ತಿದ್ದವಳು, ದೇವಭಕ್ತೆ, ಸಂಗೀತಗಾರನಾದ ಗಂಡನನ್ನು ಕೂಡ ಅದೇ ದಿನ ಕೊಂದರು. ಅವಳು ಹನ್ನೊಂದು ವರ್ಷದ ಮಗನಿಗೆ ಬರೆದಳು: ಒಳ್ಳೆಯವನಾಗಿರು, ಅಪ್ಪ ಅಮ್ಮನನ್ನು ಕೊಂದವರ ಮೇಲೆ ಹಗೆ ಇಟ್ಟುಕೊಳ್ಳಬೇಡ, ಒಳ್ಳೆಯ ಜನ ಹಗೆ ಇಟ್ಟುಕೊಳ್ಳುವುದಿಲ್ಲ. ಆ ಕಾಗದ ಮಗನ ಕೈ ಸೇರಲು ಬಹಳ ವರ್ಷ ಹಿಡಿಯಿತು. ಹತ್ತೊಂಬತ್ತರ ಹುಲಿಯಾ ಅಮ್ಮನಿಗೆ, ಒಡಹುಟ್ಟಿದವರಿಗೆ ಬರೆದಳು. ಯಾರೂ ಅಳಬೇಡಿ, ನಾನು ಅಳದೆ ಹೋಗುತ್ತಿದ್ದೇನೆ, ನಿರಪರಾಧಿಯಾಗಿ ಸಾಯುತ್ತಿದ್ದೇನೆ ಎಂದು. ಕೊನೆಯಲ್ಲಿ ಒಂದೇ ಒಂದು ಸಾಲು: ನನ್ನ ಹೆಸರು ಚರಿತ್ರೆಯಿಂದ ಅಳಿಸಿಹೋಗದಿರಲಿ.

ಸ್ಮಶಾನ ಜೈಲಿಗೆ ಹತ್ತಿರವೇ ಇತ್ತು. ಬೆಳಗಿನ ಜಾವದ ಗುಂಡಿನ ಸದ್ದು ಒಳಗಿದ್ದವರಿಗೆ ಕೇಳುತ್ತಿತ್ತು. ಮೊದಲು ಒಟ್ಟಿಗೆ ಹಾರುವ ಸುತ್ತು, ಆಮೇಲೆ ಪ್ರಾಣ ಉಳಿದಿದ್ದರೆ ಎಂದು ಒಬ್ಬೊಬ್ಬರ ತಲೆಗೂ ಬಿಡಿಬಿಡಿಯಾಗಿ ಹೊಡೆಯುವ ಗುಂಡು. ಒಳಗಿನವರು ಆ ಬಿಡಿ ಗುಂಡುಗಳನ್ನು ಎಣಿಸುತ್ತಿದ್ದರು. ಸತ್ತವರೆಷ್ಟು ಎಂಬುದನ್ನು ಯಾವ ಪತ್ರಿಕೆಯೂ ಹೇಳುವ ಮೊದಲು ಅವರು ಬೆರಳ ಗೆಣ್ಣಿನ ಮೇಲೆ ಲೆಕ್ಕವಿಟ್ಟರು. ನಮ್ಮ ಅಜ್ಜಿಯಂದಿರು ಜಪ ಎಣಿಸಿದ ಹಾಗೆ ಎಂದು ಬರೆಯಲು ಹೊರಟೆ, ಬೇಡ. ಜಪಕ್ಕೆ ಒಂದು ಶಾಂತಿಯಿದೆ. ಇದು ಪಕ್ಕದಲ್ಲಿ ಮಲಗುತ್ತಿದ್ದವಳ ತಲೆಗೆ ಬಿದ್ದ ಗುಂಡಿನ ಎಣಿಕೆ.

ಆ ಹದಿಮೂರು ಜನರನ್ನು ಇವತ್ತು ಸ್ಪೇನಿನ ಜನ ‘ಹದಿಮೂರು ಗುಲಾಬಿಗಳು’ ಎನ್ನುತ್ತಾರೆ. ಆ ಹೆಸರು ಬೆಳೆದದ್ದು ಜೈಲಿನಲ್ಲಿ ಉಳಿದ ಸಂಗಾತಿಗಳ ನಡುವೆ, ಬಾಯಿಂದ ಬಾಯಿಗೆ. ಪ್ರೀತಿಯಿಂದ ಹುಟ್ಟಿದ ಹೆಸರು. ಆದರೂ ನನಗೆ ಅದರ ಜೊತೆ ಸಣ್ಣದೊಂದು ತಕರಾರಿದೆ. ಗುಲಾಬಿ ಎಂದೊಡನೆ ಮೃದು, ಮುಗ್ಧ, ಬಾಡಿಹೋದದ್ದು ಎಂಬ ಚಿತ್ರ ಬರುತ್ತದೆ. ಇವರಲ್ಲಿ ಹೆಚ್ಚಿನವರು ತಾವು ಯಾವ ಪಕ್ಷದಲ್ಲಿದ್ದೇವೆ, ಯಾಕೆ ಇದ್ದೇವೆ ಎಂಬುದನ್ನು ಬಲ್ಲವರಾಗಿದ್ದರು. ನಗರ ಬಿದ್ದ ಮೇಲೆ ಮನೆಯಲ್ಲಿ ಅಡಗಿ ಕುಳಿತಿರಬಹುದಾಗಿತ್ತು. ಜೈಲಿಗೆ ಹೋದ ಸಂಗಾತಿಗಳ ಮನೆಯವರಿಗೆ ನೆರವಾಗಲು, ಸಂಘವನ್ನು ಮತ್ತೆ ಕಟ್ಟಲು ಬೀದಿಗಿಳಿದರು. ಹದಿಮೂರು ಎಂಬ ಎಣಿಕೆಯಲ್ಲಿ ಬಿಡಿ ಹೆಸರುಗಳು ಕರಗುತ್ತವೆ ಎಂಬುದು ಇನ್ನೊಂದು ಕಾರಣ. ಹುಲಿಯಾ ಹೂವಾಗಬೇಕು ಎಂದು ಕೇಳಿರಲಿಲ್ಲ, ಹೆಸರು ಉಳಿಯಬೇಕು ಎಂದು ಕೇಳಿದ್ದಳು. ಅದಕ್ಕೇ ಇಲ್ಲಿ ಕನ್ನಡದ ಅಕ್ಷರಗಳಲ್ಲಿ ಬರೆಯುತ್ತೇನೆ, ದಯವಿಟ್ಟು ಹಾರಿಸದೆ ಓದಿ: ಕಾರ್ಮೆನ್ ಬರ್ರೇರೋ, ಮಾರ್ತೀನಾ ಬರ್ರೋಸೋ, ಬ್ಲಾಂಕಾ ಬ್ರಿಸಾಕ್, ಪಿಲಾರ್ ಬ್ವೇನೋ, ಹುಲಿಯಾ ಕೊನೇಸಾ, ಅದೆಲೀನಾ ಗಾರ್ಸಿಯಾ, ಎಲೇನಾ ಹಿಲ್, ವಿರ್ತೂದೆಸ್ ಗೊನ್ಸಾಲೆಸ್, ಆನಾ ಲೋಪೆಸ್, ಹ್ವಾಕೀನಾ ಲೋಪೆಸ್, ದಿಯೊನೀಸಿಯಾ ಮನ್ಸನೇರೋ, ವಿಕ್ತೋರಿಯಾ ಮುನ್ಯೋಸ್, ಲುಯೀಸಾ ರೊದ್ರೀಗೆಸ್. ಮತ್ತು ಒಂದಕ್ಷರ ತಪ್ಪಿ ಹಿಂದುಳಿದ ಆಂಟೋನಿಯಾ ತೋರೆ.

ಹೋದವರ ಕಥೆ ಇಲ್ಲಿಗೆ ನಿಲ್ಲುತ್ತದೆ. ನನಗೆ ಮುಖ್ಯವಾಗಿರುವುದು ಉಳಿದವರ ಕಥೆ.

ಆ ವರ್ಷದ ಸೆಪ್ಟೆಂಬರಿನ ಹೊತ್ತಿಗೆ ವೆಂತಾಸ್‌ಗೆ ಮತೀಲ್ದೆ ಲಾಂದಾ ಎಂಬ ಓದಿದ ಹೆಣ್ಣುಮಗಳನ್ನು ತಂದು ಹಾಕಿದರು. ಯುದ್ಧಕಾಲದಲ್ಲಿ ಆಸ್ಪತ್ರೆಯಲ್ಲಿ, ನಿರಾಶ್ರಿತರ ನಡುವೆ ದುಡಿದವಳು. ಅವಳು ಜೈಲಿನ ಅಧಿಕಾರಿಗಳನ್ನು ಒಪ್ಪಿಸಿ ಒಂದು ಕೋಣೆಯಲ್ಲಿ ಕಚೇರಿಯೊಂದನ್ನು ತೆರೆದಳು. ಮರಣದಂಡನೆಯಾದ ಹೆಂಗಸರ ಪರವಾಗಿ ಕ್ಷಮಾದಾನದ ಅರ್ಜಿ ಬರೆಯುವುದು ಆ ಕಚೇರಿಯ ಕೆಲಸ. ಎಷ್ಟೋ ಜನರಿಗೆ ಓದು ಬರಹ ಬರುತ್ತಿರಲಿಲ್ಲ, ತಮ್ಮ ಮೇಲಿನ ಆರೋಪ ಏನೆಂಬುದೂ ಸರಿಯಾಗಿ ತಿಳಿದಿರಲಿಲ್ಲ. ಅವರಿಂದ ಕೇಳಿ ತಿಳಿದು, ಹೊರಗಿನಿಂದ ಶಿಫಾರಸು ತರಿಸಿ, ಶುದ್ಧವಾದ ಅಕ್ಷರದಲ್ಲಿ ಅರ್ಜಿ ಬರೆದು ಕಳಿಸುತ್ತಿದ್ದರು. ಒಂದಕ್ಷರದ ತಪ್ಪಿನಿಂದ ಆರು ತಿಂಗಳು ಉಳಿದವಳು ಇದ್ದ ಜೈಲಿನಲ್ಲಿ ಈಗ ಅಕ್ಷರ ಬಲ್ಲವರು ಅಕ್ಷರವನ್ನೇ ಹಿಡಿದು ಜೀವ ಉಳಿಸಲು ಹೊರಟಿದ್ದರು. ಮತೀಲ್ದೆಗೂ ಮರಣದಂಡನೆಯಾಯಿತು, ಆಮೇಲೆ ಅದು 30 ವರ್ಷದ ಸೆರೆವಾಸವಾಗಿ ಇಳಿಯಿತು. ಅವಳನ್ನು ಸಂಗಾತಿಗಳಿಂದ ಬೇರ್ಪಡಿಸಿ ದೂರದ ಮಯೋರ್ಕಾ ದ್ವೀಪದ ಜೈಲಿಗೆ ಸಾಗಿಸಿದರು. ಅಲ್ಲಿ ಕ್ರೈಸ್ತ ದೀಕ್ಷೆ ಪಡೆಯಬೇಕೆಂದು ಅವಳ ಮೇಲೆ ಒತ್ತಡ ಹೇರಿದರು. ನೀನು ಒಪ್ಪಿದರೆ ಜೈಲಿನ ಮಕ್ಕಳಿಗೆ ಹಾಲು ಸಿಗುತ್ತದೆ ಎಂದರು. 1942ರ ಸೆಪ್ಟೆಂಬರ್ 26ರಂದು ಅವಳು ಜೈಲಿನ ಮೇಲಂತಸ್ತಿನಿಂದ ಕೆಳಗೆ ಬಿದ್ದು ತೀರಿಕೊಂಡಳು. ಕೊನೆಯುಸಿರು ಎಳೆಯುತ್ತಿದ್ದಾಗಲೇ ದೀಕ್ಷೆಯ ನೀರು ಚಿಮುಕಿಸಿದರು.

ಈ ಸಂಗತಿಯನ್ನು ಓದಿದ ರಾತ್ರಿ ನಾನು ಊಟ ಮಾಡಲಿಲ್ಲ. ಅವಳನ್ನು ಗೆಳತಿಯರಿಂದ ಬೇರೆ ಮಾಡಿದ್ದೇ ಅವಳ ಮೇಲೆ ಮಾಡಿದ ಮೊದಲ ಹಲ್ಲೆ ಎಂದು ನನಗನ್ನಿಸಿತು, ಈಗಲೂ ಅನ್ನಿಸುತ್ತದೆ.

ನಂತರದ ಮೂವತ್ತೈದು ವರ್ಷ ಮೌನ. ಬಿಡುಗಡೆಯಾಗಿ ಹೊರಬಂದವರಿಗೆ ಕೆಲಸ ಸಿಗುತ್ತಿರಲಿಲ್ಲ. ಹಲವರು ಮತ್ತೆ ಮತ್ತೆ ಬಂಧಿತರಾದರು. ಜೈಲಿಗೆ ಹೋಗಿಬಂದ ಗಂಡಸು ಗೆಳೆಯರ ನಡುವೆ ವೀರನಾಗಬಹುದಿತ್ತು, ಜೈಲಿಗೆ ಹೋಗಿಬಂದ ಹೆಂಗಸಿನ ಬಗ್ಗೆ ಬೀದಿಯ ಬಾಯಿ ಬೇರೆಯೇ ಮಾತಾಡುತ್ತಿತ್ತು. ಮಕ್ಕಳಿಗೆ ಅಪಾಯವಾದೀತೆಂದು ತಾಯಂದಿರು ಏನನ್ನೂ ಹೇಳಲಿಲ್ಲ. 1975ರ ನವೆಂಬರ್ 20ರಂದು ಫ್ರಾಂಕೋ ತೀರಿಕೊಂಡ. ಎರಡು ವರ್ಷದ ನಂತರ ಬಂದ ಕ್ಷಮಾದಾನದ ಕಾನೂನು ಬಂದಿಗಳನ್ನು ಬಿಡಿಸಿತು, ಜೊತೆಗೆ ಹಿಂಸಿಸಿದವರ ಕಡತಗಳನ್ನೂ ಮುಚ್ಚಿತು. ಹಳೆಯದನ್ನು ಕೆದಕಬಾರದು ಎಂಬುದು ಹೊಸ ಪ್ರಜಾಪ್ರಭುತ್ವದ ಮಾತಿಲ್ಲದ ಕರಾರಾಯಿತು.

ಆಗ ತೊಮಾಸಾ ಕ್ವೇವಾಸ್ ಎಂಬಾಕೆ ಒಂದು ಟೇಪ್ ರೆಕಾರ್ಡರ್ ಹಿಡಿದು ಹೊರಟಳು.

ತೊಮಾಸಾ 1917ರಲ್ಲಿ ಗ್ವಾದಲಹಾರಾ ಸೀಮೆಯ ಬ್ರಿವೇಗಾ ಎಂಬ ಊರಿನಲ್ಲಿ ಹುಟ್ಟಿದವಳು. ಒಂಬತ್ತನೆಯ ವಯಸ್ಸಿಗೇ ಕೂಲಿಗೆ ಹೋದವಳು, ಶಾಲೆ ಕಂಡದ್ದು ಕಡಿಮೆ. ಯುದ್ಧ ಮುಗಿದ ಕೂಡಲೇ ಬಂಧನ, 30 ವರ್ಷದ ಶಿಕ್ಷೆ, ಒಂದರ ನಂತರ ಒಂದರಂತೆ ಹಲವು ಜೈಲುಗಳು. ಬಿಡುಗಡೆಯಾದ ಮೇಲೆ 1945ರಲ್ಲಿ ಬಾರ್ಸಿಲೋನಾದಲ್ಲಿ ಮತ್ತೆ ಹಿಡಿದು ಪೊಲೀಸರು ಹೊಡೆದ ಹೊಡೆತಕ್ಕೆ ಅವಳ ಬೆನ್ನೆಲುಬು ಶಾಶ್ವತವಾಗಿ ಕೆಟ್ಟಿತು. 1970ರ ದಶಕದ ನಡುವೆ, ಅರುವತ್ತರ ಆಸುಪಾಸಿನಲ್ಲಿ, ಆ ನೋಯುವ ಬೆನ್ನು ಹೊತ್ತುಕೊಂಡು ಅವಳು ಸ್ಪೇನಿನ ಉದ್ದಗಲ ತಿರುಗಿದಳು. ಜೈಲಿನ ಹಳೆಯ ಸಂಗಾತಿಗಳ ಮನೆ ಹುಡುಕಿ, ಅಡುಗೆಮನೆಯ ಮೇಜಿನ ಮೇಲೆ ಟೇಪ್ ರೆಕಾರ್ಡರ್ ಇಟ್ಟು ಕೇಳಿದಳು. ಮತೀಲ್ದೆಯನ್ನು ಬಲ್ಲವರು ಮಾತಾಡಿದರು. ಆಗಸ್ಟ್ 4ರ ರಾತ್ರಿ ಬಾಲೆಯರ ಕೊಠಡಿಯಲ್ಲಿದ್ದ, ವಿರ್ತೂದೆಸ್‌ಳ ಗೆಳತಿ ಮರಿ ಕಾರ್ಮೆನ್ ಕ್ವೆಸ್ತಾ ಮಾತಾಡಿದಳು. ಈ ಮಾತುಗಳು 1985ರಲ್ಲಿ ಪುಸ್ತಕವಾಗಿ ಬಂದಾಗ ಗದ್ದಲವೇನೂ ಆಗಲಿಲ್ಲ. ಇತಿಹಾಸಕಾರರು ಅದರ ಬೆಲೆ ಕಂಡುಕೊಂಡದ್ದು ತಡವಾಗಿ. ಇವತ್ತು ಹದಿಮೂರು ಜನರ ಬಗ್ಗೆ ಬರೆಯುವ ಯಾರೇ ಆಗಲಿ ಆ ಮುದುಕಿಯರ ಧ್ವನಿಯ ಋಣದಲ್ಲಿದ್ದಾರೆ, ನಾನೂ ಸೇರಿ.

ಇಲ್ಲಿ ನನ್ನದೊಂದು ಅನುಭವ ಹೇಳಬೇಕು. ಕಾಲೇಜು ಮುಗಿಸಿದ ಹೊಸತರಲ್ಲಿ ನಾನು ಹಾಸನದ ಕಡೆಯ ಹಳ್ಳಿಗಳಲ್ಲಿ ಸೋಬಾನೆ ಪದ ಸಂಗ್ರಹಿಸಲು ತಿರುಗಿದ್ದೆ. ಕ್ಯಾಸೆಟ್ ಹಾಕಿ ಗುಂಡಿ ಒತ್ತಿದ ತಕ್ಷಣ ಹೆಂಗಸರ ಧ್ವನಿ ಬದಲಾಗುತ್ತಿತ್ತು. ‘ನಮ್ಮದೇನಿದೆಯಮ್ಮ ಹೇಳುವುದಕ್ಕೆ, ಓದಿದವರನ್ನು ಕೇಳಿ’ ಎನ್ನುತ್ತಿದ್ದರು. ಹಾಡುತ್ತಿದ್ದರು, ಚೆನ್ನಾಗಿಯೇ ಹಾಡುತ್ತಿದ್ದರು. ಆದರೆ ಟೇಪು ಮುಗಿದು, ನಾನು ತಂತಿ ಸುತ್ತುತ್ತಿರುವಾಗ, ಅವರು ತಂತಮ್ಮಲ್ಲೇ ಮಾತಿಗೆ ತೊಡಗುತ್ತಿದ್ದರು. ‘ಆ ವರ್ಷ ನೆನಪಿದೆಯೇನೇ, ನಿನ್ನ ಕೂಸು ಹೋದ ವರ್ಷ’ ಎಂದು ಒಬ್ಬಳು, ‘ನೀನೇ ಅಲ್ಲವೇನೇ ನನ್ನ ಬಾಯಿಗೆ ಗಂಜಿ ಹಾಕಿದವಳು’ ಎಂದು ಇನ್ನೊಬ್ಬಳು. ಅದು ನನಗಲ್ಲ, ಅವರವರಿಗೆ. ಮತ್ತೆ ಗುಂಡಿ ಒತ್ತಿದರೆ ಆ ಮಾತು ನಿಲ್ಲುತ್ತಿತ್ತು. ನನ್ನಲ್ಲಿ ಯಂತ್ರವಿತ್ತು, ಅವರ ಜೊತೆ ಗಂಜಿ ಕುಡಿದ ಹಳೆಯ ದಿನ ಇರಲಿಲ್ಲ.

ತೊಮಾಸಾಳ ಬಳಿ ಎರಡೂ ಇದ್ದವು. ಅವಳು ಕೇಳಿದ ಪ್ರಶ್ನೆ ಸಂಶೋಧಕಿಯದಾಗಿರಲಿಲ್ಲ, ಪಕ್ಕದಲ್ಲಿ ಮಲಗಿದ್ದವಳದು. ಹೇನು ಆರಿಸುವಾಗ ಯಾರ ತಲೆ ಯಾರ ಮಡಿಲಲ್ಲಿತ್ತು ಎಂಬುದು ಅವಳಿಗೆ ಮೊದಲೇ ಗೊತ್ತಿತ್ತು, ಆದ್ದರಿಂದ ಎದುರಿಗಿದ್ದವಳು ನಾಚಿಕೆ ಬಿಟ್ಟು ಮುಂದಿನ ಮಾತಿಗೆ ಬರಬಹುದಿತ್ತು. ಸರ್ಕಾರ ಕಡತಗಳನ್ನು ಇಟ್ಟಿತ್ತು, ಮರಣದಂಡನೆಯ ಆದೇಶಗಳನ್ನು ಇಟ್ಟಿತ್ತು, ಆಂಟೋನಿಯೋ ಎಂಬ ತಪ್ಪನ್ನು ಕೂಡ ಇಟ್ಟಿತ್ತು. ಆದರೆ ಒಂದು ಈರುಳ್ಳಿಯನ್ನು ಏಳು ಭಾಗ ಮಾಡಿದ್ದನ್ನು, ಸತ್ತವಳಿಗೆ ಯಾವ ಹಾಡು ಇಷ್ಟವಿತ್ತು ಎಂಬುದನ್ನು ಯಾವ ಕಡತವೂ ಇಡುವುದಿಲ್ಲ. ಗೆಳತಿಯರು ಇಟ್ಟರು, ಮೂವತ್ತೈದು ವರ್ಷ, ಬರೆಯದೆ, ಯಾರ ಮುಂದೆಯೂ ಆಡದೆ. ಅಷ್ಟು ಕಾಲ ಬಾಯಿ ಕಟ್ಟಿ ಇಟ್ಟುಕೊಂಡ ನೆನಪು ಕೇಳುವ ಕಿವಿ ಸಿಕ್ಕಿದಾಗ ಹಾಗೆಯೇ ಹೊರಬಂದದ್ದು ನನಗೆ ಯುದ್ಧದ ಯಾವ ಗೆಲುವಿಗಿಂತಲೂ ದೊಡ್ಡದಾಗಿ ಕಾಣುತ್ತದೆ.

ಅಣ್ಣನ ಮಗಳು ಮ್ಯಾಡ್ರಿಡ್‌ನಲ್ಲಿ ಓದುತ್ತಿದ್ದಾಗ ನಾನು ಎರಡು ವಾರ ಅವಳ ಜೊತೆಗಿದ್ದೆ. ‘ಅತ್ತೆ, ಅರಮನೆ ನೋಡೋಣ, ಚಿತ್ರಶಾಲೆ ನೋಡೋಣ’ ಎಂದು ಅವಳು. ಮೊದಲು ವೆಂತಾಸ್ ಎಂದು ನಾನು. ಜೈಲು ಈಗಿಲ್ಲ. 1960ರ ದಶಕದ ಕೊನೆಯಲ್ಲಿ ಕೆಡವಿ ಆ ಜಾಗದಲ್ಲಿ ವಸತಿ ಕಟ್ಟಡಗಳನ್ನು ಕಟ್ಟಿದ್ದಾರೆ. ಬಾಲ್ಕನಿಗಳಲ್ಲಿ ಬಟ್ಟೆ ಒಣಗುತ್ತಿತ್ತು, ಯಾರದೋ ಮನೆಯಲ್ಲಿ ಬೆಳ್ಳುಳ್ಳಿ ಹುರಿಯುವ ವಾಸನೆ. ನನಗೆ ಬೆಂಗಳೂರಿನ ಹಳೆಯ ಸೆಂಟ್ರಲ್ ಜೈಲು ನೆನಪಾಯಿತು. ಅದನ್ನು ಉದ್ಯಾನ ಮಾಡಿದರೂ ಕೆಲವು ಗೋಡೆ, ಕೋಣೆಗಳನ್ನು ಉಳಿಸಿಕೊಂಡಿದ್ದೇವೆ. ತುರ್ತು ಪರಿಸ್ಥಿತಿಯಲ್ಲಿ ಸ್ನೇಹಲತಾ ರೆಡ್ಡಿ ಉಬ್ಬಸದಿಂದ ಒದ್ದಾಡುತ್ತಲೇ ಅಲ್ಲಿಯ ಬಂದಿ ಹೆಂಗಸರ ಊಟ ಉಪಚಾರಕ್ಕಾಗಿ ಜಗಳವಾಡಿದ್ದರು. ಅಲ್ಲಿಗೆ ವಾಯುವಿಹಾರಕ್ಕೆ ಬರುವವರಲ್ಲಿ ಎಷ್ಟು ಜನರಿಗೆ ಅದು ಗೊತ್ತು ಎಂಬುದು ಬೇರೆ ಮಾತು.

ಮಾರನೆಯ ದಿನ ಸ್ಮಶಾನಕ್ಕೆ ಹೋದೆವು. ಅದರ ಹೆಸರು ಅಲ್ಮುದೇನಾ, ಒಂದು ಊರಿನಷ್ಟು ದೊಡ್ಡದು. ಹುಡುಗಿಯರನ್ನು ನಿಲ್ಲಿಸಿದ ಇಟ್ಟಿಗೆಯ ಗೋಡೆಯ ಮೇಲೆ 1988ರಲ್ಲಿ ಹಾಕಿದ ಫಲಕವಿದೆ, ಕೆಳಗೆ ಹೂವುಗಳಿದ್ದವು, ಕೆಲವು ಬಾಡಿದವು, ಕೆಲವು ಪ್ಲಾಸ್ಟಿಕ್ಕಿನವು. ಯುದ್ಧದ ನಂತರದ ವರ್ಷಗಳಲ್ಲಿ ಈ ಸ್ಮಶಾನದಲ್ಲಿ ಕೊಲ್ಲಲ್ಪಟ್ಟವರ ಮೂರು ಸಾವಿರದ ಹತ್ತಿರ ಹೆಸರುಗಳನ್ನು ಕೆತ್ತಿಸಿ ಇಲ್ಲಿ ಒಂದು ಸ್ಮಾರಕ ಸಿದ್ಧವಾಗುತ್ತಿತ್ತು. 2019ರಲ್ಲಿ ನಗರದ ಆಡಳಿತ ಬದಲಾದ ಮೇಲೆ ಹೊಸ ಆಡಳಿತ ಹೆಸರುಗಳಿದ್ದ ಆ ಫಲಕಗಳನ್ನು ಕೀಳಿಸಿತು. ಎಂಬತ್ತು ವರ್ಷದ ನಂತರವೂ ಹೆಸರೇ ಜಗಳದ ಮೂಲ. ಹತ್ತೊಂಬತ್ತರ ಟ್ರಾಮ್ ಕಂಡಕ್ಟರ್ ಆ ರಾತ್ರಿ ಬೇರೇನನ್ನೂ ಕೇಳದೆ ಹೆಸರನ್ನೇ ಯಾಕೆ ಕೇಳಿದಳು ಎಂಬುದು ಆ ಗೋಡೆಯ ಮುಂದೆ ನಿಂತಾಗ ನನಗೆ ಸ್ವಲ್ಪ ಅರ್ಥವಾಯಿತು.

ಪಟ್ಟಿಯನ್ನು ಕನ್ನಡದಲ್ಲಿ ಬರೆದುಕೊಂಡು ಹೋಗಿದ್ದೆ. ಸಣ್ಣ ಧ್ವನಿಯಲ್ಲಿ ಓದತೊಡಗಿದೆ. ಐದನೆಯ ಹೆಸರನ್ನು ನಾನು ಆಗ ಇಂಗ್ಲಿಷಿನ ಓದಿನಂತೆ ‘ಜೂಲಿಯಾ’ ಎಂದು ಬರೆದುಕೊಂಡಿದ್ದೆ. ಪಕ್ಕದಲ್ಲಿ ಕೈಚೀಲ ಹಿಡಿದು ನಿಂತಿದ್ದ ಮುದುಕಿಯೊಬ್ಬರು ತಲೆಯಾಡಿಸಿದರು. ‘ಹುಲಿಯಾ’ ಎಂದರು. ನಾನು ಹೇಳಿದೆ. ಅವರು ಮತ್ತೆ ಹೇಳಿಸಿದರು, ಮಕ್ಕಳಿಗೆ ಅಕ್ಷರ ತಿದ್ದಿಸುವ ಹಾಗೆ, ಗಂಟಲಿನಿಂದ ಬರುವ ಆ ‘ಹ’ ಸರಿಯಾಗುವವರೆಗೂ. ನಾನು ಪೆನ್ನು ತೆಗೆದು ‘ಜೂ’ ಹೊಡೆದು ‘ಹು’ ಎಂದು ತಿದ್ದಿದೆ. ಕನ್ನಡದಲ್ಲಿ ಈ ಹೆಸರಿನೊಳಗೆ ಒಂದು ಹುಲಿ ಇದೆ ಎಂದು ಅವರಿಗೆ ತಿಳಿಸಬೇಕೆನಿಸಿತು. ಅಣ್ಣನ ಮಗಳು ಅದನ್ನು ಅವರ ಭಾಷೆಯಲ್ಲಿ ಹೇಳಿದಳು. ಮುದುಕಿ ನನ್ನ ಕಾಗದವನ್ನು ಇಸಿದುಕೊಂಡು, ತಮಗೆ ಓದಲು ಬಾರದ ಆ ದುಂಡನೆಯ ಅಕ್ಷರಗಳನ್ನು ಬಹಳ ಹೊತ್ತು ನೋಡಿದರು. ಹುಲಿಯಾ ಯಾವುದು ಎಂದು ಕೇಳಿದರು. ನಾನು ತೋರಿಸಿದೆ. ಅದರ ಮೇಲೆ ಬೆರಳಿಟ್ಟು, ಆಮೇಲೆ ಮುಂದಿನ ಸಾಲಿಗೆ ಬೆರಳು ಸರಿಸಿ ‘ಅದೆಲೀನಾ’ ಎಂದರು. ಉಳಿದ ಹೆಸರುಗಳನ್ನು ಅವರು ಒಂದೊಂದಾಗಿ ಹೇಳುತ್ತಾ ಹೋದರು, ಪಟ್ಟಿ ನೋಡದೆ. ನಾನು ಅವರ ಹಿಂದೆ ಹೇಳಿದೆ.